ಅಧ್ಯಕ್ಷರ ಡಿಗ್ರಿ ಮುಗಿದ ಮೇಲೆ ಕ್ಲಬ್ ಯಾರದ್ದು?

ಕಾಲೇಜು ಕ್ಲಬ್ ಅಂದ್ರೆ ನಮಗೆ ನೆನಪಾಗೋದು ಫೆಸ್ಟ್, ಟೀ ಶರ್ಟ್, ಕೊನೆಗೊಂದು ಸರ್ಟಿಫಿಕೇಟ್. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿರುವ ಬಯೋಮೆಟೀರಿಯಲ್ಸ್ ವಿದ್ಯಾರ್ಥಿ ಕ್ಲಬ್‌ಗಳೂ ಇದಕ್ಕೆ ಪೂರ್ತಿ ಹೊರತಲ್ಲ. ಆದರೆ ಅವು ತುಂಬುತ್ತಿರುವ ಕೊರತೆ ನಿಜವಾದದ್ದು.

ಬಯೋಮೆಟೀರಿಯಲ್ ಅಂದರೆ ದೇಹದೊಳಗಿದ್ದು ಕೆಲಸ ಮಾಡಬೇಕಾದ ವಸ್ತು: ಸ್ಟೆಂಟ್, ಕೃತಕ ಮಂಡಿ, ಕಣ್ಣಿನ ಪೊರೆ ತೆಗೆದ ಮೇಲೆ ಹಾಕುವ ಲೆನ್ಸ್. ಈ ಲೆನ್ಸಿನ ಕಥೆಯನ್ನೇ ನೋಡಿ. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದ ಅಕ್ರಿಲಿಕ್ ಚೂರುಗಳು ಕಣ್ಣನ್ನು ಅಷ್ಟಾಗಿ ಕೆರಳಿಸದೆ ಸುಮ್ಮನೆ ಕೂತಿದ್ದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಲೆನ್ಸನ್ನು ರೋಗಿಯ ಕಣ್ಣಿಗೆ ಹಾಕಿದರು. ಕಣ್ಣು ಬಲ್ಲ ಡಾಕ್ಟರೂ ಪ್ಲಾಸ್ಟಿಕ್ ಬಲ್ಲವರೂ ಜೊತೆಗೆ ಕೂರದೆ ಇದು ಆಗುತ್ತಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಇವರಿಬ್ಬರೂ ಬೇರೆ ಬೇರೆ ಕಟ್ಟಡದಲ್ಲಿರುತ್ತಾರೆ. ನಾನು ಎಂಜಿನಿಯರಿಂಗ್ ಓದುವಾಗ ಟೈಟಾನಿಯಂ ಬಗ್ಗೆ ಕೇಳಿದ್ದು ಅದರ ಬಲ ಮತ್ತು ತೂಕ, ಅಷ್ಟೇ. ಅದನ್ನು ದೇಹಕ್ಕೆ ಇಟ್ಟರೆ ಮೂಳೆ ಹೇಗೆ ಬಂದು ಹಿಡಿದುಕೊಳ್ಳುತ್ತೆ ಅನ್ನೋದು ಸಿಲೆಬಸ್‌ನಲ್ಲೇ ಇರಲಿಲ್ಲ. ಕ್ಲಬ್ ಬೇಕಾಗೋದು ಇಲ್ಲಿ.

ಅಮೆರಿಕದ ಸೊಸೈಟಿ ಫಾರ್ ಬಯೋಮೆಟೀರಿಯಲ್ಸ್ ಶುರುವಾಗಿದ್ದು 1974ರಲ್ಲಿ, ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದ್ದ ಸಿಂಪೋಸಿಯಂಗಳ ಬೆನ್ನಿಗೆ. ಇವತ್ತು ಹಲವು ಕ್ಯಾಂಪಸ್‌ಗಳಲ್ಲಿ ಅದರ ವಿದ್ಯಾರ್ಥಿ ಘಟಕಗಳಿವೆ. 'ಬಯೋಮೆಟೀರಿಯಲ್ಸ್ ಡೇ' ಅಂತ ಒಂದು ದಿನದ ಸಮ್ಮೇಳನ ನಡೆಸೋಕೆ ಸೊಸೈಟಿ ಅನುದಾನ ಕೊಡುತ್ತೆ. ಸರ್ಜನ್‌ನ ಕರೆಸೋದು, ಹಾಲ್ ಬುಕ್ ಮಾಡೋದು, ಪಕ್ಕದ ವಿಶ್ವವಿದ್ಯಾಲಯದವರ ಪೋಸ್ಟರ್‌ಗೆ ಜಾಗ ಮಾಡೋದು ಎಲ್ಲ ಹುಡುಗ ಹುಡುಗಿಯರದ್ದೇ ಕೆಲಸ. ಶಾಲಾ ಮಕ್ಕಳಿಗೆ ತೋರಿಸೋಕೆ ಒಂದು ಸುಲಭದ ಪ್ರಯೋಗವಿದೆ. ಸಮುದ್ರ ಪಾಚಿಯಿಂದ ಬರುವ ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಬೇಯಿಸಿದ ಸಾಬಕ್ಕಿಯಂಥ ಮಣಿಗಳಾಗುತ್ತವೆ. ಲ್ಯಾಬಿನಲ್ಲಿ ಜೀವಕೋಶಗಳನ್ನು ಹುದುಗಿಸಿಡೋಕೂ ಇದೇ ರಸಾಯನಶಾಸ್ತ್ರ.

ಇನ್ನು ನಾಯಕತ್ವ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಮೇಲೊಬ್ಬ ಮಾರ್ಗದರ್ಶಕ ಪ್ರಾಧ್ಯಾಪಕರು. ಇಂಥ ಕಡೆ ಅಧ್ಯಕ್ಷರ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದರೆ ಒಂದು ಕಡೆ ಥೀಸಿಸ್, ಇನ್ನೊಂದು ಕಡೆ ಊಟದ ಬಿಲ್ಲು. ಅವರು ಹೊರಟ ದಿನ ಸರ್ಜನ್‌ನ ಫೋನ್ ನಂಬರೂ ಜೊತೆಗೇ ಹೋಗುತ್ತೆ!

ವಸ್ತುಗಳ ಗಡಿಯಾರಕ್ಕೂ ಈ ಒಂದು ವರ್ಷಕ್ಕೂ ತಾಳೆಯಾಗಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಕಟ್ಟಿದ ಹೃದಯದ ಕವಾಟವನ್ನೇ ತಗೊಳ್ಳಿ. ಮೊದಲ ಮೂರು ಮಾದರಿಗಳು ಕೈಕೊಟ್ಟವು. ಒಂದರಲ್ಲಂತೂ ನೀಲಮಣಿಯ ಬಿಲ್ಲೆಯೇ ಒಡೆಯಿತು. ಕೋಬಾಲ್ಟ್-ಕ್ರೋಮಿಯಂ ಚೌಕಟ್ಟು, ಗಟ್ಟಿ ಪಾಲಿಎಥಿಲೀನ್ ಬಿಲ್ಲೆಯ ನಾಲ್ಕನೇ ಮಾದರಿ ರೋಗಿಯೊಬ್ಬರ ಎದೆ ಸೇರಿದ್ದು 1990ರಲ್ಲಿ. ಮೂರು ಸೋಲಿನ ಲೆಕ್ಕ ತಂಡದ ಕೈಯಲ್ಲಿದ್ದದ್ದರಿಂದಲೇ ನಾಲ್ಕನೆಯದು ಸಾಧ್ಯವಾಯ್ತು.

ಹಾಗಾಗಿ ಒಳ್ಳೆಯ ಅಧ್ಯಕ್ಷರು ಎಷ್ಟು ಕಾರ್ಯಕ್ರಮ ಮಾಡಿದರು ಅಂತ ಎಣಿಸೋದು ನನಗೆ ಅಷ್ಟು ಮುಖ್ಯ ಅನ್ಸಲ್ಲ. ಎರಡನೇ ವರ್ಷದ ಬಿ.ಇ. ವಿದ್ಯಾರ್ಥಿನಿಯೊಬ್ಬಳನ್ನು ಉಪಾಧ್ಯಕ್ಷೆ ಮಾಡಿದರಾ? ಯಾವ ಪ್ರಯೋಗ ಕೆಟ್ಟಿತು, ಯಾವ ಡಾಕ್ಟರು ಫೋನ್ ಎತ್ತುತ್ತಾರೆ, ಹಣ ಎಲ್ಲಿ ಸಾಲದೆ ಬಂತು ಅಂತ ಬರೆದಿಟ್ಟರಾ? ಮಣಿಪಾಲದಂಥ ಕಡೆ ಮೆಡಿಕಲ್ ಕಾಲೇಜೂ ಎಂಜಿನಿಯರಿಂಗ್ ಕಾಲೇಜೂ ಒಂದೇ ಊರಲ್ಲಿವೆ. ಅಂಥಲ್ಲಿ ಕ್ಲಬ್ ಶುರುಮಾಡೋಕೆ ಬೇಕಾಗಿರೋದು ದೊಡ್ಡ ಲ್ಯಾಬ್ ಅಲ್ಲ, ಒಂದು ದಪ್ಪ ನೋಟ್‌ಬುಕ್ಕು ಮತ್ತು ಮುಂದಿನ ವರ್ಷವೂ ಅದನ್ನು ತೆರೆಯುವ ಒಬ್ಬರು.