ಇನ್ಸುಲಿನ್ ನಿಂತ ಬಳಿಕ: ಬೆಕ್ಕಿನ ಮಧುಮೇಹದ ಉಪಶಮನವೂ ಅದರ ಪರಿವೀಕ್ಷಣೆಯೂ

ಮಧುಮೇಹವು ಮನುಷ್ಯನಿಗೆ ಮಾತ್ರ ಮೀಸಲಾದ ವ್ಯಾಧಿಯಲ್ಲ. ಮನೆಯ ಬೆಕ್ಕಿಗೂ ಅದು ಬರುತ್ತದೆ. ಬಂದ ಬಳಿಕ ಹನ್ನೆರಡು ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚುವ ಕಾರ್ಯವು ಮನೆಯವರ ಪಾಲಿಗೆ ಬೀಳುತ್ತದೆ. ಆದರೆ ನಾಯಿಗಳಲ್ಲಿ ಅತಿ ವಿರಳವಾದ ಒಂದು ಸಂಗತಿ ಬೆಕ್ಕುಗಳಲ್ಲಿ ಸಾಕಷ್ಟು ಬಾರಿ ಕಂಡುಬರುವುದುಂಟು. ಕೆಲವು ವಾರ ಅಥವಾ ಕೆಲವು ತಿಂಗಳು ಚಿಕಿತ್ಸೆ ಸರಿಯಾಗಿ ನಡೆದಲ್ಲಿ ಔಷಧದ ಅವಶ್ಯಕತೆ ಕ್ರಮೇಣ ಇಳಿದು ಕಡೆಗೆ ಇಲ್ಲವಾಗುತ್ತದೆ. ಆಗ ಮನೆಯವರು 'ಬೆಕ್ಕಿಗೆ ಗುಣವಾಯಿತು' ಎನ್ನುತ್ತಾರೆ. ವೈದ್ಯಶಾಸ್ತ್ರವು ಹಾಗೆನ್ನಲು ಒಪ್ಪುವುದಿಲ್ಲ. ಗುಣವಾಯಿತೆಂದರೆ ರೋಗದ ಬೇರು ಕಿತ್ತುಹೋಯಿತೆಂದು ಅರ್ಥ. ಇಲ್ಲಿ ಬೇರು ಉಳಿದಿರುತ್ತದೆ. ಆದುದರಿಂದ ಈ ಸ್ಥಿತಿಗೆ 'ಉಪಶಮನ' ಎಂಬ ಮಾತೇ ತಕ್ಕದ್ದು. ಬೂದಿ ಮುಚ್ಚಿದ ಕೆಂಡವನ್ನು ಆರಿದ ಬೂದಿಯೆಂದು ತಿಳಿಯುವುದಕ್ಕೂ, ಕೆಂಡವಿದೆಯೆಂದು ತಿಳಿದು ನೋಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಈ ಎರಡು ಪದಗಳ ನಡುವಣ ವ್ಯತ್ಯಾಸ.

ರೂಢಿಯಲ್ಲಿರುವ ವ್ಯಾಖ್ಯೆಯ ಪ್ರಕಾರ, ಇನ್ಸುಲಿನ್ ಇಲ್ಲದೆ ಕನಿಷ್ಠ ನಾಲ್ಕು ವಾರ ರಕ್ತದ ಸಕ್ಕರೆ ಸಹಜ ಪ್ರಮಾಣದಲ್ಲಿ ನಿಂತರೆ, ರೋಗದ ಚಿಹ್ನೆಗಳೂ ಕಾಣದಿದ್ದರೆ, ಬೆಕ್ಕು ಉಪಶಮನದಲ್ಲಿದೆಯೆನ್ನಬಹುದು. ಮನುಷ್ಯರ ವಿಷಯದಲ್ಲಿ 2021ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆ ಮೂರು ತಿಂಗಳ ಅವಧಿಯನ್ನು ಕೇಳುತ್ತದೆ. ನಾಲ್ಕು ವಾರವೆಂಬುದು ಹೆಸರಿಡಲು ಬೇಕಾದ ಗಡುವು ಮಾತ್ರ. ನೋಡಿಕೊಳ್ಳುವ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

ಇದು ಹೇಗೆ ಸಾಧ್ಯವಾಗುತ್ತದೆಂಬುದನ್ನು ತಿಳಿಯಲು ಮೇದೋಜೀರಕಾಂಗದ ಒಳಗನ್ನು ನೋಡಬೇಕು. ಇನ್ಸುಲಿನ್ ಸ್ರವಿಸುವ ಬೀಟಾ ಜೀವಕೋಶಗಳು ಅದರೊಡನೆ ಅಮಿಲಿನ್ ಎಂಬ ಇನ್ನೊಂದು ದ್ರವ್ಯವನ್ನೂ ಸ್ರವಿಸುತ್ತವೆ. ಬೆಕ್ಕಿನಲ್ಲಿಯೂ ಮನುಷ್ಯನಲ್ಲಿಯೂ ಈ ದ್ರವ್ಯ ಹೆಪ್ಪುಗಟ್ಟಿ ಅಮಿಲಾಯ್ಡ್ ಎಂಬ ಎಳೆಗಳಾಗಿ ಜೀವಕೋಶಗಳ ನಡುವೆ ಸಂಗ್ರಹವಾಗುವುದುಂಟು. ಸ್ವೀಡನ್ನಿನ ಪೆರ್ ವೆಸ್ಟರ್‌ಮಾರ್ಕ್ ಮತ್ತು ಸಂಗಡಿಗರು 1987ರಲ್ಲಿ ಈ ದ್ರವ್ಯದ ಗುರುತು ಹಿಡಿದಾಗ ಅವರ ಪರೀಕ್ಷೆಗೆ ಒದಗಿದ ವಸ್ತುಗಳಲ್ಲಿ ಮಧುಮೇಹದ ಬೆಕ್ಕಿನ ಮೇದೋಜೀರಕಾಂಗವೂ ಒಂದಾಗಿತ್ತು. ಮನುಷ್ಯನ ವ್ಯಾಧಿಯ ತಿಳಿವಳಿಕೆಗೆ ಬೆಕ್ಕು ಹೀಗೆ ನೆರವಾಯಿತೆಂಬುದು ಸ್ವಾರಸ್ಯದ ಸಂಗತಿ. ಅಮಿಲಾಯ್ಡಿನಿಂದ ಸತ್ತ ಜೀವಕೋಶಗಳು ಮರಳಿ ಬರುವುದಿಲ್ಲ. ಆದರೆ ಎಲ್ಲವೂ ಸತ್ತಿರುವುದಿಲ್ಲ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಏರಿಯೇ ಇದ್ದರೆ, ಬದುಕಿರುವ ಜೀವಕೋಶಗಳೂ ಆ ಸಕ್ಕರೆಯ ವಿಷಪ್ರಭಾವದಿಂದ ಸ್ತಬ್ಧವಾಗುತ್ತವೆ. ಆರೋಗ್ಯವಂತ ಬೆಕ್ಕುಗಳಿಗೇ 10 ದಿನ ಗ್ಲೂಕೋಸನ್ನು ರಕ್ತನಾಳದ ಮೂಲಕ ಹರಿಸಿದಾಗ ಅವುಗಳ ಇನ್ಸುಲಿನ್ ಸ್ರಾವ ಕುಗ್ಗಿದುದನ್ನು 2009ರಲ್ಲಿ ಎರಿಕ್ ಜೀನಿ ಮೊದಲಾದವರು ತೋರಿಸಿದರು. ಹೊರಗಿನ ಇನ್ಸುಲಿನ್ನಿನಿಂದ ಸಕ್ಕರೆ ಇಳಿದೊಡನೆ ಸ್ತಬ್ಧವಾದ ಜೀವಕೋಶಗಳಿಗೆ ವಿರಾಮ ದೊರೆತು, ಅವು ಮತ್ತೆ ಕೆಲಸಕ್ಕೆ ತೊಡಗುತ್ತವೆ. ಉಪಶಮನದ ಗುಟ್ಟು ಇಷ್ಟೇ.

ಇದರಿಂದ ಎರಡು ಮಾತು ಹೊರಡುತ್ತವೆ. ವಿಳಂಬವಾದಷ್ಟೂ ಉಳಿದ ಜೀವಕೋಶಗಳ ಸಂಖ್ಯೆ ಕಡಿಮೆ. ಮತ್ತು, ಉಪಶಮನದ ಬೆಕ್ಕು ಪೂರ್ಣಬಲದ ಬೆಕ್ಕಲ್ಲ. ಅಲ್ಪ ಬಂಡವಾಳದಲ್ಲಿ ಸಂಸಾರ ತೂಗಿಸುವ ಬಡ ಗೃಹಸ್ಥನಂತೆ ಅದರ ಸ್ಥಿತಿ. ಕಿರ್ಸ್ಟನ್ ರೂಂಪ್ ಮತ್ತು ಜಾಕಿ ರ್ಯಾಂಡ್ 2009ರಲ್ಲಿ ಪ್ರಕಟಿಸಿದ 55 ಬೆಕ್ಕುಗಳ ಅಧ್ಯಯನ ಮೊದಲನೆಯ ಮಾತನ್ನು ಸ್ಪಷ್ಟಪಡಿಸುತ್ತದೆ. ಮನೆಯಲ್ಲಿಯೇ ರಕ್ತ ಪರೀಕ್ಷಿಸುತ್ತ, ಗ್ಲಾರ್ಜಿನ್ ಇನ್ಸುಲಿನ್ನಿನಿಂದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಡುವ ಈ ಕ್ರಮವನ್ನು ರೋಗ ತಿಳಿದ ಆರು ತಿಂಗಳೊಳಗೆ ಆರಂಭಿಸಿದಲ್ಲಿ ಶೇಕಡಾ 84 ಬೆಕ್ಕುಗಳು ಉಪಶಮನ ಹೊಂದಿದವು; ಅನಂತರ ಆರಂಭಿಸಿದಲ್ಲಿ ಶೇಕಡಾ 35 ಮಾತ್ರ. ಎರಡನೆಯ ಮಾತಿಗೆ ಜೀನಿಯವರ 2010ರ ಬರೆಹ ಆಧಾರ: 90 ಬೆಕ್ಕುಗಳಲ್ಲಿ ಅರ್ಧದಷ್ಟು ಉಪಶಮನ ಹೊಂದಿದರೂ, ಹಾಗೆ ಹೊಂದಿದವುಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದರಂತೆ ಮತ್ತೆ ರೋಗಕ್ಕೆ ತುತ್ತಾದವು. ಮರುಕಳಿಸಿದ ರೋಗ ಇನ್ನೊಮ್ಮೆ ಉಪಶಮನಕ್ಕೆ ಬರುವುದು ಮೊದಲಿನಷ್ಟು ಸುಲಭವಲ್ಲ. ಸೂಜಿ ನಿಂತ ಮೇಲಿನ ಕಾವಲಿಗೆ ಮಹತ್ವ ಬಂದಿರುವುದು ಈ ಕಾರಣದಿಂದ.

ಇನ್ನು ಸ್ಥಳದ ಮಾತು. ಒಂದು ಕಡೆ ಠಾಣೆಯ ಖಾಡಿ, ಇನ್ನೊಂದು ಕಡೆ ಪಾರಸಿಕ ಬೆಟ್ಟ, ನಡುವೆ ರೈಲುಹಾದಿಯ ಇಕ್ಕೆಲಗಳಲ್ಲಿ ಒತ್ತೊತ್ತಾಗಿ ಬೆಳೆದ ಕಟ್ಟಡಗಳು, ಇದು ಕಳವಾ. ನಾಲ್ಕನೆಯ ಅಥವಾ ಏಳನೆಯ ಅಂತಸ್ತಿನ ಎರಡು ಕೋಣೆಗಳ ಮನೆಯಲ್ಲಿ ಸಾಕಿದ ಬೆಕ್ಕಿಗೆ ಬೇಟೆಯಿಲ್ಲ, ಓಟವಿಲ್ಲ, ಮಾಡಿನ ಮೇಲಿನ ಸಂಚಾರವಿಲ್ಲ. ಬೀಜ ತೆಗೆಸಿದ, ಮೈ ಬಂದ, ನಡುವಯಸ್ಸು ದಾಟಿದ ಗಂಡು ಬೆಕ್ಕಿಗೇ ಈ ವ್ಯಾಧಿ ಹೆಚ್ಚಾಗಿ ತಗಲುವುದು. ಊಟವೂ ಇದಕ್ಕೆ ಸೇರುತ್ತದೆ. ಬೆಕ್ಕು ಸ್ವಭಾವತಃ ಮಾಂಸಾಹಾರಿ. ಪಿಷ್ಟವನ್ನು ಅರಗಿಸಿ ಬಂದ ಸಕ್ಕರೆಯನ್ನು ಬೇಗ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಅದರ ಯಕೃತ್ತಿಗೆ ಕಡಿಮೆ. ಕನ್ನಡ ಮನೆಗಳಲ್ಲಿ ಬೆಕ್ಕಿಗೆ ಪ್ರೀತಿಯಿಂದ ಕಲಸಿ ಇಡುವ ಹಾಲನ್ನವಾಗಲಿ, ಅಂಗಡಿಯಿಂದ ತರುವ ಒಣ ಕಾಳಿನ ಆಹಾರವಾಗಲಿ ಇಂಥ ಬೆಕ್ಕಿಗೆ ಹಿತವಲ್ಲ. ಪಿಷ್ಟ ಕಡಿಮೆಯಿರುವ, ಬೆಕ್ಕಿಗೆಂದೇ ತಯಾರಾದ ಹಸಿ ಡಬ್ಬಿಯ ಆಹಾರ ಉತ್ತಮ. ಬರಿಯ ಬೇಯಿಸಿದ ಕೋಳಿಯನ್ನೋ ಮೀನನ್ನೋ ದಿನವೂ ಕೊಡುವುದಾದರೆ ಸುಣ್ಣದ ಅಂಶ, ಟಾರಿನ್ ಮೊದಲಾದವುಗಳ ಕೊರತೆಯಾಗದಂತೆ ವೈದ್ಯರಿಂದ ತಿಳಿದುಕೊಳ್ಳಬೇಕು. ಇನ್ಸುಲಿನ್ ನಡೆಯುತ್ತಿರುವಾಗ ಮಾತ್ರ ಆಹಾರವನ್ನು ದಿಢೀರನೆ ಬದಲಿಸಕೂಡದು. ಪಿಷ್ಟ ಇಳಿದರೆ ಸಕ್ಕರೆಯೂ ಇಳಿಯುತ್ತದೆ. ಹಳೆಯ ಪ್ರಮಾಣದ ಔಷಧವೇ ಆಗ ಅತಿಯಾಗುತ್ತದೆ.

ಅನೇಕ ಬೆಕ್ಕುಗಳಲ್ಲಿ ಉಪಶಮನದ ಮೊದಲ ಸುದ್ದಿ ಅಪಾಯದ ರೂಪದಲ್ಲಿಯೇ ಬರುತ್ತದೆಂಬುದನ್ನು ಮರೆಯುವಂತಿಲ್ಲ. ನಿನ್ನೆಯವರೆಗೆ ಸರಿಹೋಗುತ್ತಿದ್ದ ಪ್ರಮಾಣ ಇಂದು ಹೆಚ್ಚಾಗಿ ಸಕ್ಕರೆ 60ಕ್ಕಿಂತ ಕೆಳಗಿಳಿಯುತ್ತದೆ. ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಕೆಲವೊಮ್ಮೆ ಪ್ರಜ್ಞೆ ತಪ್ಪುತ್ತದೆ. (ಇಲ್ಲಿ ಹೇಳುವ ಅಂಕೆಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿನ ಮಿಲಿಗ್ರಾಮ್ ಗ್ಲೂಕೋಸಿಗೆ ಸಂಬಂಧಿಸಿದವು.) ಆಗ ಒಸಡಿಗೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಸವರಿ ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಔಷಧವನ್ನು ಒಮ್ಮೆಲೇ ನಿಲ್ಲಿಸದೆ ಅರ್ಧ ಅರ್ಧ ಯೂನಿಟ್ಟಿನಂತೆ ಇಳಿಸುವುದು ರೂಢಿ. ಈ ಅರ್ಧ ಯೂನಿಟ್ಟಿನ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಒಂದು ವಿಶೇಷ ತೊಡಕಿದೆ. ಇಲ್ಲಿ ಮಾರಾಟವಾಗುವ ಸಾಮಾನ್ಯ ಇನ್ಸುಲಿನ್ ಶೀಶೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇದ್ದರೆ, ಗ್ಲಾರ್ಜಿನ್ನಿನಲ್ಲಿ 100 ಯೂನಿಟ್ ಇರುತ್ತದೆ. ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಗ್ಲಾರ್ಜಿನ್ನನ್ನು ಒಂದರ ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಒಂದು ಯೂನಿಟ್ ಅಲ್ಲ, ಎರಡೂವರೆ ಯೂನಿಟ್. ನಾಲ್ಕು ಕಿಲೋ ತೂಕದ ಪ್ರಾಣಿಗೆ ಇದು ಸಾವು ಬದುಕಿನ ಪ್ರಶ್ನೆ.

ಸೂಜಿ ನಿಂತಿತು. ಇನ್ನು ನೋಡಬೇಕಾದುದೇನು?

ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದುದು ಮನೆಯಲ್ಲಿ, ಬೆಕ್ಕು ಶಾಂತವಾಗಿರುವಾಗ, ಕಿವಿಯ ಅಂಚಿನಿಂದ ತೆಗೆದ ಒಂದು ಹನಿ ರಕ್ತ. ಈ ಕ್ರಮ 2000ದ ಸುಮಾರಿನಿಂದ ಪ್ರಚಾರಕ್ಕೆ ಬಂದಿತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿಯನ್ನು ಬೆಚ್ಚಗಾಗಿಸಿ, ಹಿಂಬದಿಗೆ ಹತ್ತಿಯನ್ನಿಟ್ಟು, ಅಂಚಿನ ನಾಳದ ಬಳಿ ಚುಚ್ಚಿದರೆ ಹನಿ ಮೂಡುತ್ತದೆ. ತೆಳ್ಳಗೆ ವ್ಯಾಸಲೀನ್ ಸವರಿದ್ದರೆ ರಕ್ತ ರೋಮಕ್ಕೆ ಹರಡದೆ ಮಣಿಯಂತೆ ನಿಲ್ಲುತ್ತದೆ. ಮೊದಲ ಎರಡು ವಾರ ದಿನಕ್ಕೊಮ್ಮೆ, ಅನಂತರ ವಾರಕ್ಕೊಮ್ಮೆ, ಸ್ಥಿತಿ ಸ್ಥಿರವೆಂದು ಕಂಡ ಮೇಲೆ ತಿಂಗಳಿಗೊಮ್ಮೆ ಪರೀಕ್ಷಿಸುವುದು ಸಾಮಾನ್ಯ ಕ್ರಮ. ಆರೋಗ್ಯವಂತ ಬೆಕ್ಕಿನ ಸಕ್ಕರೆ ಸುಮಾರು 70ರಿಂದ 120ರೊಳಗೆ ಇರುತ್ತದೆ. 2015ರಲ್ಲಿ ಸೂಸನ್ ಗಾಟ್ಲೀಬ್ ಮತ್ತು ಸಂಗಡಿಗರು ಉಪಶಮನದಲ್ಲಿದ್ದ 21 ಬೆಕ್ಕುಗಳನ್ನು ಪರಿಶೀಲಿಸಿದಾಗ, ಉಪವಾಸದ ಸಕ್ಕರೆ 135 ಅಥವಾ ಅದಕ್ಕಿಂತ ಹೆಚ್ಚಿದ್ದವುಗಳಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚೆಂದು ಕಂಡುಬಂದಿತು.

ಮನುಷ್ಯರಿಗಾಗಿ ಮಾಡಿದ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಮನುಷ್ಯನ ರಕ್ತದ ಗ್ಲೂಕೋಸಿನಲ್ಲಿ ಶೇಕಡಾ 58 ಭಾಗ ದ್ರವದಲ್ಲಿಯೂ 42 ಭಾಗ ಕೆಂಪು ರಕ್ತಕಣಗಳಲ್ಲಿಯೂ ಇದ್ದರೆ, ಬೆಕ್ಕಿನಲ್ಲಿ 93 ಭಾಗ ದ್ರವದಲ್ಲಿಯೇ ಇರುತ್ತದೆ. ಯಂತ್ರದ ಲೆಕ್ಕಾಚಾರ ಮನುಷ್ಯನ ಹಂಚಿಕೆಯನ್ನು ಊಹಿಸಿಕೊಂಡೇ ನಡೆಯುತ್ತದೆ. ಇದರಿಂದ ಅಜ್ಜನ ಗ್ಲೂಕೋಮೀಟರಿನಲ್ಲಿ 110 ಎಂದು ಕಂಡದ್ದು ನಿಜದಲ್ಲಿ 135ನ್ನು ದಾಟಿರಬಹುದು. ಪ್ರಾಣಿಗಳಿಗೆಂದೇ ಅಳವಡಿಸಿದ ಯಂತ್ರ ದುಬಾರಿ. ಅದು ದೊರೆಯದಿದ್ದರೆ ಯಾವಾಗಲೂ ಒಂದೇ ಯಂತ್ರವನ್ನು ಬಳಸಿ, ಅದರ ಹೆಸರನ್ನು ಪುಸ್ತಕದಲ್ಲಿ ಬರೆದಿಡುವುದು ಲೇಸು. ಬಿಡಿ ಅಂಕೆಗಿಂತ ಅಂಕೆಗಳ ನಡಿಗೆಯೇ ಮುಖ್ಯವಾದುದರಿಂದ ಈ ಕ್ರಮದಿಂದಲೂ ಕೆಲಸ ನಡೆಯುತ್ತದೆ.

ಮೂತ್ರಪರೀಕ್ಷೆ ಸುಲಭವಾದರೂ ಮೋಸಗೊಳಿಸುವಂಥದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಪೂರ್ವಲಕ್ಷಣಗಳಲ್ಲಿ ಹೇಳಿದೆ. ಬೆಕ್ಕಿನ ಮರಳಿನ ತಟ್ಟೆಗೆ ಇರುವೆ ಸಾಲುಗಟ್ಟಿದುದನ್ನು ಕಂಡೇ ರೋಗವನ್ನು ಶಂಕಿಸುವ ಮನೆಗಳೂ ಇರಬಹುದು. ಆದರೆ ಮೂತ್ರಪಿಂಡಕ್ಕೊಂದು ಹೊಸ್ತಿಲಿದೆ. ರಕ್ತದ ಸಕ್ಕರೆ ಅದನ್ನು ದಾಟಿದಾಗ ಮಾತ್ರ ಮೂತ್ರಕ್ಕಿಳಿಯುತ್ತದೆ. ಮನುಷ್ಯನಲ್ಲಿ ಆ ಹೊಸ್ತಿಲು ಸುಮಾರು 180, ಬೆಕ್ಕಿನಲ್ಲಿ 250ರಿಂದ 290. ಹೀಗಿರುವಾಗ ಪಟ್ಟಿಯ ಬಣ್ಣ ಬದಲಾಗಲಿಲ್ಲವೆಂದು ಸಮಾಧಾನಪಟ್ಟುಕೊಂಡರೆ, 200ರಲ್ಲಿ ವಾರಗಟ್ಟಲೆ ನಿಂತ ಸಕ್ಕರೆ ಕಣ್ತಪ್ಪಿ, ಬದುಕಿದ್ದ ಜೀವಕೋಶಗಳು ಸದ್ದಿಲ್ಲದೆ ಸವೆಯುತ್ತವೆ. ಪಟ್ಟಿಯಲ್ಲಿ ಸಕ್ಕರೆ ಕಂಡರೆ ಎಚ್ಚರಗೊಳ್ಳಬೇಕು. ಕಾಣದಿದ್ದರೆ ಅದನ್ನು ಪ್ರಮಾಣವೆಂದು ಎಣಿಸಬಾರದು. ಅಮೆರಿಕದಲ್ಲಿ 2022ರಲ್ಲಿ ಮನ್ನಣೆ ಪಡೆದ ಬೆಕ್ಸಾಗ್ಲಿಫ್ಲೋಜಿನ್ ಎಂಬ ಗುಳಿಗೆ ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರದೂಡುವುದರಿಂದ ಆ ಗುಳಿಗೆ ತಿನ್ನುವ ಬೆಕ್ಕಿನಲ್ಲಿ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಮೊದಲು ಇನ್ಸುಲಿನ್ ಪಡೆದ ಬೆಕ್ಕಿಗೆ ಆ ಗುಳಿಗೆ ಹೇಳಿದ್ದಲ್ಲವಾದುದರಿಂದ ಪ್ರಕೃತ ವಿಷಯಕ್ಕೆ ಅದು ಹೊರಗು.

ಆಸ್ಪತ್ರೆಯ ಅಂಕೆ ತಪ್ಪುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ಮಧುಮೇಹವಿಲ್ಲದ ಬೆಕ್ಕಿನಲ್ಲಿಯೂ ಅದು 200ನ್ನು ದಾಟುವುದುಂಟು. ಕಳವಾದಿಂದ ಬುಟ್ಟಿಯಲ್ಲಿ ಕುಳಿತು, ನಿಧಾನಗತಿಯ ಲೋಕಲ್ ಗಾಡಿಯ ಗದ್ದಲದಲ್ಲಿ ಪರೇಲಿನವರೆಗೆ ಬಂದು, ನಾಯಿಗಳು ಬೊಗಳುವ ಪಡಸಾಲೆಯಲ್ಲಿ ಕಾದ ಬೆಕ್ಕಿನ ಅಂಕೆಯನ್ನು ನೋಡಿ ರೋಗ ಮರಳಿತೆಂದು ಮತ್ತೆ ಇನ್ಸುಲಿನ್ ಚುಚ್ಚಿದರೆ ಅನರ್ಥವಾದೀತು. ಪರೇಲಿನಲ್ಲಿ 1886ರಿಂದ ಪಶುವೈದ್ಯ ಕಾಲೇಜಿದೆ, ಪ್ರಾಣಿಗಳ ಹಳೆಯ ಆಸ್ಪತ್ರೆಯೂ ಇದೆ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ನ್ಯಾಸದ ಆಸ್ಪತ್ರೆ ತೆರೆದಿದೆ. ಎಲ್ಲಿಗೆ ಹೋದರೂ ಮನೆಯ ಅಂಕೆಗಳ ಪುಸ್ತಕ ಜೊತೆಗಿದ್ದರೆ ವೈದ್ಯರಿಗೆ ನಿಜಸ್ಥಿತಿ ತಿಳಿಯುತ್ತದೆ. ಸಂದೇಹ ಉಳಿದರೆ ಫ್ರಕ್ಟೋಸಮೀನ್ ಪರೀಕ್ಷೆಯುಂಟು. ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಈ ಪರೀಕ್ಷೆ ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಹೇಳುವುದರಿಂದ ಒಂದು ಗಂಟೆಯ ಭಯ ಅದನ್ನು ಕೆಡಿಸಲಾರದು.

ಯಂತ್ರವೇ ಇಲ್ಲದೆ ತಿಳಿಯುವ ಸಂಗತಿಗಳೂ ಉಂಟು: ಕುಡಿಯುವ ನೀರು, ಮರಳಿನ ತಟ್ಟೆಯ ಉಂಡೆಗಳ ಗಾತ್ರ, ತೂಕ. ನೀರನ್ನು ಅಳೆದು ಇಡಬೇಕು. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆಕ್ಕು ಹೆಚ್ಚು ಕುಡಿದರೆ ಗಾಬರಿ ಬೇಡ, ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರನ್ನು ಮೀರಿದರೆ ಮಾತ್ರ ಅದು ಯಾವ ಋತುವಿಗೂ ಸಲ್ಲುವ ಮಾತಲ್ಲ. ತೂಕಕ್ಕೆ ಕೂಸುಗಳ ತಕ್ಕಡಿ ಒಳ್ಳೆಯದು, ಏಕೆಂದರೆ ನಾಲ್ಕು ಕಿಲೋ ಬೆಕ್ಕಿನಲ್ಲಿ 200 ಗ್ರಾಂ ಇಳಿತವೆಂದರೆ ಇಪ್ಪತ್ತರಲ್ಲಿ ಒಂದು ಪಾಲು.

ಮರುಕಳಿಕೆಗೆ ಕಾರಣಗಳು ಹಲವು: ಮತ್ತೆ ಏರಿದ ಬೊಜ್ಜು, ಹಲ್ಲಿನ ಕೀವು, ಮೂತ್ರಕೋಶದ ಸೋಂಕು, ಮೇದೋಜೀರಕಾಂಗದ ಉರಿಯೂತ. ಎಲ್ಲಕ್ಕಿಂತ ತಪ್ಪಿಸಬಹುದಾದುದು ಸ್ಟೆರಾಯ್ಡ್ ಔಷಧ. ತುರಿಕೆಗೋ ಉಬ್ಬಸಕ್ಕೋ ಕೊಡುವ ಒಂದು ದೀರ್ಘಪರಿಣಾಮದ ಸ್ಟೆರಾಯ್ಡ್ ಚುಚ್ಚುಮದ್ದು ತಿಂಗಳುಗಳ ಶ್ರಮವನ್ನು ಅಳಿಸಬಲ್ಲದು. ಹೊಸ ವೈದ್ಯರ ಬಳಿ ಹೋದಾಗ 'ಈ ಬೆಕ್ಕಿಗೆ ಮಧುಮೇಹವಿತ್ತು' ಎಂಬ ಮಾತು ಮೊದಲು ಬರಬೇಕು. ಗುಣವಾಯಿತೆಂದು ನಂಬಿದ ಮನೆಯವರು ಹೇಳದೆ ಬಿಡುವುದು ಇದನ್ನೇ.

ಶಾಂತವಾಗಿರುವಾಗ ಮನೆಯಲ್ಲಿ ಅಳೆದ ಅಂಕೆ ಎರಡು ಮೂರು ದಿನ ಸತತವಾಗಿ 180ನ್ನು ಮೀರಿದರೆ ವೈದ್ಯರನ್ನು ಕಾಣಲು ತಡಮಾಡಬಾರದು. ವಾಂತಿಯೂ ಊಟ ಬಿಟ್ಟುದೂ ಜೊತೆಗೂಡಿದರೆ ಕೀಟೋನುಗಳ ಅಪಾಯವುಂಟು. ಅದೇ ದಿನ ಹೊರಡಬೇಕು. ಒಂದು ಅಂಕೆ ಏರಿತೆಂದು ತಾವಾಗಿ ಹಳೆಯ ಪ್ರಮಾಣವನ್ನು ಚುಚ್ಚುವುದಂತೂ ಸರ್ವಥಾ ಕೂಡದು.

ಕಳವಾ, ಠಾಣೆ, ಡೊಂಬಿವಲಿಗಳ ಕನ್ನಡ ಕುಟುಂಬಗಳಲ್ಲಿ ಹಲವು ಮೇ ತಿಂಗಳಲ್ಲಿ ಊರಿಗೆ ಹೊರಡುತ್ತವೆ. ಮತ್ಸ್ಯಗಂಧ ಗಾಡಿಯಲ್ಲಿ ಮಂಗಳೂರಿನ ಕಡೆಗೆ ಹೋಗಿ ಮರಳುವ ಎರಡು ಮೂರು ವಾರ ಬೆಕ್ಕು ನೆರೆಮನೆಯವರ ಪಾಲು. ಕಿವಿ ಚುಚ್ಚುವ ಕೆಲಸವನ್ನು ಅವರಿಂದ ಬಯಸುವುದು ಹೆಚ್ಚಾದೀತು. ನೀರಿನ ಅಳತೆಯನ್ನೂ ತಟ್ಟೆಯ ಉಂಡೆಗಳನ್ನೂ ನೋಡುವಂತೆ ಹೇಳಬಹುದು. ಆಹಾರದ ಡಬ್ಬಿಗಳನ್ನು ದಿನದ ಲೆಕ್ಕದಲ್ಲಿ ಎಣಿಸಿಟ್ಟು ಹೋದರೆ, ಮರುಕದಿಂದ ಹಾಲನ್ನ ಕಲಸುವ ಪ್ರಸಂಗ ಬರುವುದಿಲ್ಲ. ತಂಪುಪೆಟ್ಟಿಗೆಯ ಬಾಗಿಲಲ್ಲಿ ಉಳಿದ ಹಳೆಯ ಇನ್ಸುಲಿನ್ ಶೀಶೆಯನ್ನು ಅದಕ್ಕೂ ಮೊದಲೇ ತೆಗೆದುಹಾಕಿರಬೇಕು. ತೆರೆದ ಗ್ಲಾರ್ಜಿನ್ ಶೀಶೆಗೆ ತಯಾರಕರು ಕೊಡುವ ಅವಧಿ 28 ದಿನ. ರೋಗ ಮರುಕಳಿಸಿದಲ್ಲಿ ವೈದ್ಯರು ಹೊಸ ಶೀಶೆಯನ್ನೇ ಬರೆದುಕೊಡುತ್ತಾರೆ.