ಒಂದೇ ಬದಿಗೆ ಬಾಗಿಲಿರುವ ರೈಲು

ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿ ತವಿನ್ ಎಂಬ ಚಿಕ್ಕ ಪಟ್ಟಣವಿದೆ. ಅಲ್ಲಿಂದ ಬೆಟ್ಟದ ಕಡೆಗೆ ಹೊರಡುವ ತಾಲಿಲಿನ್ ಉಗಿಬಂಡಿಯ ಡಬ್ಬಿಗಳಿಗೆ ಬಾಗಿಲು ಇರುವುದು ಒಂದೇ ಬದಿಗೆ. ಕಾರಣ 1866ರಷ್ಟು ಹಳೆಯದು. ಹಳಿ ಹಾಕಿ ಮುಗಿಸಿದ ಮೇಲೆ ಬಂದ ಸರ್ಕಾರಿ ತಪಾಸಣಾಧಿಕಾರಿ ಸೇತುವೆಗಳ ಕೆಳಗೆ ಅಳೆದು ನೋಡಿದರೆ, ಡಬ್ಬಿಗೂ ಗೋಡೆಗೂ ನಡುವೆ ಎರಡಡಿಯೂ ಇಲ್ಲ! ಅವಘಡವಾದರೆ ಜನ ಇಳಿಯುವುದೆಲ್ಲಿ? ಸೇತುವೆ ಒಡೆದು ಕಟ್ಟಲು ಕಂಪನಿಗೆ ಮನಸ್ಸಿರಲಿಲ್ಲ. ಒಂದು ಬದಿಯ ಬಾಗಿಲುಗಳನ್ನು ಕಾಯಂ ಮುಚ್ಚಿ, ಸೇತುವೆಯ ಕೆಳಗೆ ಹಳಿಯನ್ನೇ ಇನ್ನೊಂದು ಪಕ್ಕಕ್ಕೆ ಸರಿಸಿ ಕೈತೊಳೆದುಕೊಂಡರು. ಆ ಏರ್ಪಾಡು ಇಂದಿಗೂ ಹಾಗೇ ಇದೆ.

ಬ್ರಿನ್‌ಎಗ್ಲುಯಿಸ್ ಗಣಿಯ ಸ್ಲೇಟುಕಲ್ಲನ್ನು ಇಳಿಸಿ ತರುವುದಕ್ಕೆಂದು ಹಾಕಿದ ಮಾರ್ಗ ಇದು. ಉದ್ದ ಏಳು ಮೈಲಿಯ ಆಸುಪಾಸು. ಹಳಿಗಳ ನಡುವಿನ ಅಂತರ 686 ಮಿ.ಮೀ. ನಮ್ಮ ಡಾರ್ಜಿಲಿಂಗ್ ಬಂಡಿಗಿಂತ ಮೂರಂಗುಲ ಹೆಚ್ಚು. ತಾಲಿಲಿನ್ ಮತ್ತು ಡಾಲ್ಗೋಖ್ ಎಂಬ ಎರಡು ಎಂಜಿನ್‌ಗಳೇ ಎಂಟು ದಶಕ ದುಡಿದವು.

1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡವರು ಸಂಸತ್ ಸದಸ್ಯ ಸರ್ ಹೆನ್ರಿ ಹೇಡನ್ ಜೋನ್ಸ್. 1946ರ ಕೊನೆಗೆ ಗಣಿ ಕುಸಿದು ಮುಚ್ಚಿತು. ಆದರೂ ತಾನು ಬದುಕಿರುವವರೆಗೆ ರೈಲು ಓಡುತ್ತದೆ ಎಂದ ಮುದುಕ, ನಷ್ಟವನ್ನು ಕೈಯಿಂದ ತುಂಬುತ್ತಲೇ ಹೋದರು. ಬ್ರಿಟನ್ನಿನ ರೈಲುಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದ 1947ರ ಕಾಯ್ದೆಯ ಪಟ್ಟಿಯಲ್ಲಿ ತಾಲಿಲಿನ್ ಹೆಸರೇ ಇರಲಿಲ್ಲ. ಅದೇ ಇದರ ಪುಣ್ಯ ಎನ್ನಬೇಕು. ಪಕ್ಕದ ಕಾರಿಸ್ ಮಾರ್ಗ ಸರ್ಕಾರದ ಕೈಗೆ ಹೋಗಿ 1948ರಲ್ಲೇ ಬಾಗಿಲು ಹಾಕಿತು.

ಸರ್ ಹೇಡನ್ 1950ರ ಜುಲೈನಲ್ಲಿ ತೀರಿಕೊಂಡರು. ಆ ಅಕ್ಟೋಬರ್‌ನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನ ಹೋಟೆಲೊಂದರಲ್ಲಿ ಸಭೆ ಕರೆದರು. ಸಂಬಳವಿಲ್ಲದೆ ಹವ್ಯಾಸಿಗಳೇ ಒಂದು ರೈಲು ಓಡಿಸುವುದೆಂದರೆ ಆಗಿನ ಕಾಲಕ್ಕೆ ಹುಚ್ಚು ಮಾತು. ಜಗತ್ತಿನಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ. 1951ರ ಮೇ 14ರಂದು ಮೊದಲ ಬಂಡಿ ಹೊರಟೇಬಿಟ್ಟಿತು.

ಹೊರಟದ್ದೇನೋ ಸರಿ, ಹಳಿ ನೋಡಿದರೆ ಎದೆ ನಡುಗಬೇಕು. ಅದು ಆರಂಭದ ದಿನಗಳಲ್ಲಿ ಹಾಕಿದ ಕಬ್ಬಿಣ. ಸ್ಲೀಪರ್‌ಗಳು ಕೊಳೆತು, ಬೆಳೆದ ಹುಲ್ಲಿನ ಬೇರೇ ಹಳಿಯನ್ನು ಹಿಡಿದುಕೊಂಡಂತಿತ್ತು. ಓಡುವ ಸ್ಥಿತಿಯಲ್ಲಿದ್ದದ್ದು ಡಾಲ್ಗೋಖ್ ಒಂದೇ. ಮುಚ್ಚಿಹೋದ ಕಾರಿಸ್ ಮಾರ್ಗದ ಅಳತೆಯೂ ಅದೇ 686 ಮಿ.ಮೀ. ಆದದ್ದರಿಂದ ಅಲ್ಲಿ ಬಿದ್ದಿದ್ದ ಎರಡು ಎಂಜಿನ್‌ಗಳನ್ನು ತಲಾ 25 ಪೌಂಡಿಗೆ ತಂದರು. ಒಂದಕ್ಕೆ ಸರ್ ಹೇಡನ್ ಹೆಸರನ್ನೇ ಇಟ್ಟರು. ಹಳಿಗೆ ಇಳಿಸಿದರೆ ಅದು ನಡುವೆ ಜಾರಿ ಬೀಳತೊಡಗಿತು. ಹಳಿಗಳ ನಡುವಿನ ಅಂತರ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಡಾಲ್ಗೋಖ್‌ನ ಚಕ್ರದ ಪಟ್ಟಿ ಅಗಲವಾಗಿದ್ದರಿಂದ ಅದಕ್ಕೆ ಈ ತೊಂದರೆ ಇರಲಿಲ್ಲ. ರಜೆ ಹಾಕಿ ಬಂದ ಹವ್ಯಾಸಿಗಳು ಗ್ಯಾಂಗ್‌ಮನ್‌ಗಳಾಗಿ ಹುಲ್ಲು ಕಿತ್ತರು, ಸ್ಲೀಪರ್ ಬದಲಿಸಿದರು. ರೈಲುಪ್ರೇಮ ಎಂದರೆ ಫೋಟೊ ಹಿಡಿಯುವುದು ಎಂದುಕೊಂಡವರು ಈ ಭಾಗವನ್ನು ಓದಿಕೊಳ್ಳಬೇಕು.

1976ರಲ್ಲಿ ಪ್ರಯಾಣಿಕರ ಬಂಡಿ ಇನ್ನಷ್ಟು ಮೇಲಕ್ಕೆ, ನಾಂಟ್ ಗ್ವೆರ್ನಾಲ್‌ವರೆಗೆ ಹೋಗತೊಡಗಿತು. 2021ರಲ್ಲಿ ಯುನೆಸ್ಕೊ ವಾಯವ್ಯ ವೇಲ್ಸ್‌ನ ಸ್ಲೇಟು ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಗಣಿ, ರೈಲು ಎರಡೂ ಅದರೊಳಗೆ ಬಂದವು.

ಆರಂಭದ ಸ್ವಯಂಸೇವಕರಲ್ಲಿ ಪಾದ್ರಿ ಆಡ್ರಿಯೂ ಒಬ್ಬರು. ನಮ್ಮ ಮಕ್ಕಳೂ ಟಿವಿಯಲ್ಲಿ ನೋಡುವ ಥಾಮಸ್ ಎಂಜಿನ್ನಿನ ಸೃಷ್ಟಿಕರ್ತ. ಇಲ್ಲಿನ ಎಂಜಿನ್‌ಗಳು ಹೆಸರು ಬದಲಿಸಿಕೊಂಡು ಅವರ ಕಥೆಗಳೊಳಕ್ಕೆ ಹೊಕ್ಕವು: ತಾಲಿಲಿನ್ ಅಲ್ಲಿ ಸ್ಕಾರ್ಲೊಯಿ, ಡಾಲ್ಗೋಖ್ ಅಲ್ಲಿ ರೀನಿಯಸ್. ಗಾರ್ಡ್ ಕೆಲಸಕ್ಕಿದ್ದ ಆಡ್ರಿ ಒಮ್ಮೆ, ತಿಂಡಿ ಮಾರುವ ಹೆಂಗಸು ಹತ್ತುವ ಮೊದಲೇ ಬಂಡಿ ಬಿಟ್ಟರು. ಮುಂದೆ ಅದನ್ನೇ ಕಥೆ ಮಾಡಿ ಬರೆದರು. ತಪ್ಪನ್ನು ಮಾತ್ರ ಎಂಜಿನ್ನಿನ ತಲೆಗೆ ಕಟ್ಟಿದರು.