ಚಗಳಿ ಚಟ್ನಿ: ಹೆಸರಿಗೆ ಮಾನ್ಯತೆ ಬಂತು, ಗೂಡಿನ ಗತಿಯೇನು?

ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಬುಡಕಟ್ಟು ಜನರ ಕೆಂಪಿರುವೆ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ದೊರೆಯಿತು. ನಗರವಾಸಿಗಳಿಗೆ ಸೋಜಿಗವೆನಿಸಿದ ಈ ಸುದ್ದಿ ಮಲೆನಾಡಿಗರಿಗೆ ಹೊಸತಾಗಿರಲಿಲ್ಲ. ಅಲ್ಲಿ ಚಟ್ನಿಯಾಗುವ ಇರುವೆಯೇ ಇಲ್ಲಿನ ಚಗಳಿ. ಛತ್ತೀಸಗಢದ ಬಸ್ತಾರದಲ್ಲಿಯೂ ಇದರ ಚಟ್ನಿ ಸಂತೆಯ ಸರಕು.

ವಿಜ್ಞಾನಿಗಳು 'ಈಕೋಫಿಲ್ಲಾ ಸ್ಮರಾಗ್ಡಿನಾ' ಎಂದು ಕರೆಯುವ ಈ ಇರುವೆ ನೆಲದಲ್ಲಿ ಗೂಡು ಮಾಡುವುದಿಲ್ಲ. ಮಾವು, ಗೇರು, ಹಲಸು ಮುಂತಾದ ಮರಗಳ ಹಸಿ ಎಲೆಗಳನ್ನು ಸಾಲುಗಟ್ಟಿ ಎಳೆದು, ತನ್ನದೇ ಮರಿಹುಳುಗಳು ಸ್ರವಿಸುವ ರೇಷ್ಮೆಯಿಂದ ಹೊಲಿಯುತ್ತದೆ. ಅದರ ದೇಹದಲ್ಲಿರುವ ಫಾರ್ಮಿಕ್ ಆಮ್ಲವೇ ಕಡಿತದ ಉರಿಗೂ ಚಟ್ನಿಯ ಹುಳಿಗೂ ಕಾರಣ. ಗೂಡನ್ನು ಕೊಂಬೆಸಹಿತ ಇಳಿಸಿ, ಎಲೆಕಸ ಬೇರ್ಪಡಿಸಿ, ಇರುವೆ ಹಾಗೂ ಮೊಟ್ಟೆಗಳನ್ನು ಹುರಿದು, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ತೆಂಗಿನತುರಿಯೊಂದಿಗೆ ಅರೆದರೆ ಮಲೆನಾಡಿನ ಚಗಳಿ ಚಟ್ನಿ ಸಿದ್ಧ. ಹುಣಸೆಹಣ್ಣಿನ ಅಗತ್ಯವೇ ಇಲ್ಲ.

<b>ಆಹಾರವೋ, ಔಷಧವೋ?</b>

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿಯ ಪ್ರಕಾರ, ಜಗತ್ತಿನ ಸುಮಾರು 200 ಕೋಟಿ ಜನರ ಸಾಂಪ್ರದಾಯಿಕ ಆಹಾರದಲ್ಲಿ ಕೀಟಗಳಿಗೆ ಸ್ಥಾನವಿದೆ. ತಿನ್ನಲಾಗುವ ಪ್ರಭೇದಗಳ ಸಂಖ್ಯೆ 1,900ಕ್ಕೂ ಹೆಚ್ಚು. ಪ್ರೊಟೀನ್ ಹಾಗೂ ಖನಿಜಾಂಶಗಳಿಗಾಗಿ ಇವು ಗಮನ ಸೆಳೆದಿವೆ. ನೆಗಡಿ, ಕೆಮ್ಮಿಗೆ ಚಗಳಿ ಒಳ್ಳೆಯದೆಂಬ ನಂಬಿಕೆಯೂ ಹಳ್ಳಿಗಳಲ್ಲಿದೆ. ಆದರೆ ನಂಬಿಕೆಯೇ ಚಿಕಿತ್ಸೆಯಾಗದು. ಕೋವಿಡ್‌ಗೆ ಈ ಚಟ್ನಿಯನ್ನು ಮದ್ದಾಗಿ ಬಳಸಲು ನಿರ್ದೇಶನ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಸಿಗಡಿ, ಏಡಿ ಒಗ್ಗದವರಿಗೆ ಕೀಟಗಳೂ ಅಲರ್ಜಿ ಉಂಟುಮಾಡಬಹುದು. ಕೀಟನಾಶಕ ಸಿಂಪಡಿಸಿದ ತೋಟದ ಗೂಡಂತೂ ಊಟಕ್ಕೆ ಸಲ್ಲದು.

<b>ತೋಟದ ಕಾವಲುಗಾರ</b>

ಚಗಳಿಯ ಉಪಯೋಗ ಅಡುಗೆಮನೆಗೆ ಸೀಮಿತವಲ್ಲ. ಗೇರುಮರವನ್ನು ಕಾಡುವ ಟೀ ಸೊಳ್ಳೆಯಂಥ ಕೀಟಗಳನ್ನು ಅದು ಬೇಟೆಯಾಡುತ್ತದೆ. ಚೀನಾದ ಕಿತ್ತಳೆ ಜಾತಿಯ ಹಣ್ಣಿನ ತೋಟಗಳಲ್ಲಿ ಕೀಟ ನಿಯಂತ್ರಣಕ್ಕೆ ಇದರ ಗೂಡುಗಳನ್ನು ಮಾರುತ್ತಿದ್ದ ಬಗ್ಗೆ ಸುಮಾರು 1,700 ವರ್ಷಗಳ ಹಿಂದಿನದೆನ್ನಲಾದ ಉಲ್ಲೇಖವಿದೆ.

ಗೂಡು ಕೀಳುವ ಕ್ರಮ ಮುಖ್ಯವಾಗುವುದು ಇಲ್ಲಿಯೇ. ಒಂದು ಕುಟುಂಬದ ಗೂಡುಗಳು ಹಲವು ಮರಗಳಲ್ಲಿ ಹರಡಿರುತ್ತವೆಯಾದರೂ ಮೊಟ್ಟೆಯಿಡುವ ರಾಣಿ ಸಾಮಾನ್ಯವಾಗಿ ಒಂದೇ ಗೂಡಿನಲ್ಲಿರುತ್ತದೆ. ಆ ಗೂಡು ಚಟ್ನಿಯ ಪಾಲಾದರೆ ಹೊಸ ಕೆಲಸಗಾರ ಇರುವೆಗಳು ಹುಟ್ಟುವುದಿಲ್ಲ. ಉಳಿದ ಗೂಡುಗಳೂ ಕ್ರಮೇಣ ಬರಿದಾಗುತ್ತವೆ. ಮನೆಯ ಅಗತ್ಯಕ್ಕೆ ಒಂದೆರಡು ಗೂಡು ಇಳಿಸುವುದಕ್ಕೂ ಮಾರುಕಟ್ಟೆಗಾಗಿ ಮರದ ಅಷ್ಟೂ ಗೂಡುಗಳನ್ನು ದೋಚುವುದಕ್ಕೂ ಇರುವ ವ್ಯತ್ಯಾಸ ಇದೇ.

ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಬೇರೊಂದು ದಾರಿಯಿದೆ. ಅಲ್ಲಿ ಮುಖ್ಯವಾಗಿ ಬೇಸಿಗೆಯಲ್ಲಿ, ಮುಂದೆ ರಾಣಿಯಾಗಬೇಕಾದ ದಪ್ಪ ಮರಿಹುಳು ಹಾಗೂ ಕೋಶಗಳಿಗಾಗಿಯೇ ಗೂಡು ಬಿಡಿಸುತ್ತಾರೆ. ಅವು ಹೇಗೂ ರೆಕ್ಕೆ ಬಲಿತು ಗೂಡು ತೊರೆಯುವಂಥವು. ಕೆಲಸಗಾರ ಇರುವೆಗಳು ಉಳಿಯುವುದರಿಂದ ಕುಟುಂಬವೂ ಉಳಿಯುತ್ತದೆ, ತೋಟದ ಕಾವಲೂ ತಪ್ಪುವುದಿಲ್ಲ.

ಜಿ.ಐ. ಮಾನ್ಯತೆಯಿಂದ ಒಂದು ಪ್ರದೇಶದ ಉತ್ಪನ್ನದ ಹೆಸರನ್ನು ಅನ್ಯರು ಬಳಸುವುದಕ್ಕೆ ತಡೆ ಬೀಳುತ್ತದೆ. ಗೂಡು ಕೀಳುವುದಕ್ಕೆ ಮಿತಿ ಬೀಳುವುದಿಲ್ಲ. ಬೇಡಿಕೆ ಹೆಚ್ಚಿದಂತೆ ಆ ಮಿತಿಯನ್ನು ಸಂಗ್ರಹಿಸುವವರೂ ಕೊಳ್ಳುವವರೂ ಸೇರಿಯೇ ಹಾಕಿಕೊಳ್ಳಬೇಕಾಗುತ್ತದೆ. ಪ್ರತಿ ಮರದಲ್ಲೂ ಕೆಲವು ಗೂಡುಗಳನ್ನು ಮುಟ್ಟದೆ ಬಿಡುವುದು ಅದರ ಮೊದಲ ಹೆಜ್ಜೆ.